ಎಡಕ್ಕೆ ಐದು ಡಿಗ್ರಿ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಗೋಡೆಯ ಕಡೆಗೆ. ಮನೆಯವರು ಬನ್ನಿ, ಕೂತುಕೊಳ್ಳಿ ಎನ್ನುತ್ತಿರುವಾಗಲೇ ಅವರ ಮದುವೆಯ ಫೋಟೋ ಬಲಕ್ಕೆ ಎಷ್ಟು ಇಳಿದಿದೆ, ಮಾವನವರ ಫೋಟೋ ಎಡಕ್ಕೆ ಎಷ್ಟು ಏರಿದೆ ಎಂದು ಮನಸ್ಸಿನಲ್ಲೇ ಅಳೆದು ಮುಗಿಸಿರುತ್ತೇನೆ. ಒಂದು ಕಾಲದಲ್ಲಿ ಅಳೆದು ಸುಮ್ಮನಿರುತ್ತಲೂ ಇರಲಿಲ್ಲ. ಎದ್ದು ಹೋಗಿ, ಬೆರಳ ತುದಿಯಿಂದ ಚೌಕಟ್ಟಿನ ಮೂಲೆಯನ್ನು ತಟ್ಟಿ ಸರಿಮಾಡಿ, ಎರಡು ಹೆಜ್ಜೆ ಹಿಂದೆ ಬಂದು ನೋಡಿ, ಆಮೇಲೆ ಕೂರುತ್ತಿದ್ದೆ. ಹೊಳಲ್ಕೆರೆಗೆ ಹೆಣ್ಣು ನೋಡಲು ಹೋದಾಗಲೂ ಹೀಗೆಯೇ ಮಾಡಿದೆ. ಆ ಹೆಣ್ಣು, ಅಂದರೆ ನನ್ನ ಹೆಂಡತಿ ಕಮಲ, ಇವತ್ತಿಗೂ ಹೇಳುತ್ತಾಳೆ: "ಇವ್ರು ನನ್ನ ನೋಡಾಕೆ ಬಂದಿರ್ಲಿಲ್ಲ. ನಮ್ಮ ತಾತನ ಫೋಟೋ ನೋಡಾಕೆ ಬಂದಿದ್ರು."

ಈಗ ಮುಟ್ಟುವುದಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ವಯಸ್ಸಾಯಿತು, ಗಾಂಭೀರ್ಯ ಬಂತು ಎಂದು ಜನ ತಿಳಿಯುತ್ತಾರೆ. ಕಾರಣ ಬೇರೆ ಇದೆ.

ತಿದ್ದುವ ಚಟ ನನಗೆ ಅಪ್ಪನಿಂದ ಬಂದದ್ದು. ಅವರು ಹೊಸದುರ್ಗದಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಅವರ ಜೇಬಿನಲ್ಲಿ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲ್ ಸದಾ ಇರುತ್ತಿತ್ತು. ಶಾಲೆಯ ಪುಸ್ತಕಗಳು ಮುಗಿದರೆ ಮದುವೆಯ ಕರೆಯೋಲೆಗಳನ್ನು ತಿದ್ದುತ್ತಿದ್ದರು. ಅದೂ ಮುಗಿದರೆ ಕ್ಯಾಲೆಂಡರನ್ನು. ಒಮ್ಮೆ ಚಿಕ್ಕಪ್ಪ ಮಗನ ನಾಮಕರಣಕ್ಕೆ ಕರೆದು ಕಾಗದ ಬರೆದರು. ಅಪ್ಪ ಆ ಕಾಗದವನ್ನು ಕೆಂಪಿನಲ್ಲಿ ತಿದ್ದಿ, ಕೆಳಗೆ ಹತ್ತಕ್ಕೆ ಆರು ಅಂಕ ಕೊಟ್ಟು, ತಮ್ಮ ಉತ್ತರದ ಜೊತೆಯಲ್ಲಿಟ್ಟು ವಾಪಸು ಕಳಿಸಿದರು. ಚಿಕ್ಕಪ್ಪ ಎರಡು ವರ್ಷ ನಮ್ಮ ಮನೆಗೆ ಬರಲಿಲ್ಲ. ಯಾಕೆಂದು ಅಪ್ಪನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. "ಆರು ಕಮ್ಮಿ ಆಯ್ತೇನು?" ಎಂದು ಅವ್ವನನ್ನು ಕೇಳುತ್ತಿದ್ದರು. ಇಂಥವರ ಮಗ ನಾನು. ಎಪ್ಪತ್ತರ ದಶಕದ ನಡುವೆ ಚಿತ್ರದುರ್ಗದ ಅಳತೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದೆ. ನಕ್ಷೆಯಲ್ಲಿ ಒಂದು ಗೆರೆ ಕೂದಲೆಳೆ ಸರಿದರೂ ಒಬ್ಬನ ಹೊಲ ಇನ್ನೊಬ್ಬನಿಗೆ ಹೋಗುತ್ತದೆ. ಅಪ್ಪನಿಂದ ಬಂದ ಚಟಕ್ಕೆ ಸರ್ಕಾರ ಸಂಬಳವನ್ನೂ ಕೊಟ್ಟಂತಾಯಿತು.

ಆ ಕಾಲದಲ್ಲೇ ನನಗೆ ಕ್ಯಾಮೆರಾ ಹಿಡಿಯುವ ಹುಚ್ಚೂ ಹತ್ತಿತು. ಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಿಟ್ಟಿನ ಗಿರಣಿ, ಅದರ ಮಹಡಿಯ ಮೇಲೆ ಬಾಷಾ ಸಾಹೇಬರ ಸ್ಟುಡಿಯೋ. ಭಾನುವಾರ ಮಧ್ಯಾಹ್ನ ಗಿರಣಿ ನಿಲ್ಲುತ್ತಿತ್ತು. ನೆಲ ನಡುಗುವುದು ನಿಂತ ಮೇಲೆ ಬಾಷಾ ಸಾಹೇಬರು ನಮ್ಮ ಫಿಲಂ ತೊಳೆದು ಪ್ರಿಂಟು ಹಾಕಿ ಕೊಡುತ್ತಿದ್ದರು. ಎಷ್ಟು ಒರೆಸಿದರೂ ಪ್ರಿಂಟಿನ ಮೇಲೆ ಒಂದಿಷ್ಟು ಜೋಳದ ಹಿಟ್ಟು ಇದ್ದೇ ಇರುತ್ತಿತ್ತು. ಹೀಗೆ ಪ್ರಿಂಟು ತೆಗೆದುಕೊಳ್ಳಲು ಬಂದವರೇ ಒಬ್ಬರ ಚಿತ್ರ ಒಬ್ಬರು ನೋಡತೊಡಗಿ, ಮಾತಾಡತೊಡಗಿ, ಅದೊಂದು ಕೂಟವೇ ಆಯಿತು. ಹತ್ತಿ ವ್ಯಾಪಾರದ ರುದ್ರಪ್ಪ, ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಸರೋಜಮ್ಮ ಟೀಚರ್, ಬಾಷಾ ಸಾಹೇಬರು, ನಾನು. ಇದ್ದ ಬೆಂಚು ಒಂದೇ. ಯಾರಾದರೂ ಫೋಟೋ ತೆಗೆಸಲು ಬಂದರೆ ಬೆಂಚು ಬಿಟ್ಟು, ಪರದೆಯ ಮೇಲೆ ಬರೆದ ಸರೋವರದ ಪಕ್ಕದಲ್ಲಿ ನಾವೆಲ್ಲ ಸಾಲಾಗಿ ನಿಲ್ಲಬೇಕಾಗಿತ್ತು.

ಕೂಟಕ್ಕೆ ಕಟ್ಟಳೆಗಳಿದ್ದವು. ಮಾಡಿದ್ದು ಸರೋಜಮ್ಮ. ಮೇಜಿನ ಮೇಲೆ ಚಿತ್ರ ಇಟ್ಟ ಮೇಲೆ ಒಬ್ಬೊಬ್ಬರಾಗಿ ಅಭಿಪ್ರಾಯ ಹೇಳಬೇಕು. ಮೊದಲು ಒಂದು ಒಳ್ಳೆಯ ಮಾತು, ಆಮೇಲೆ ಕುಂದು. ಎಲ್ಲರೂ ಹೇಳಿ ಮುಗಿಸುವ ತನಕ ಚಿತ್ರ ತೆಗೆದವರು ತುಟಿ ತೆರೆಯಬಾರದು. ಇಲ್ಲದಿದ್ದರೆ ರುದ್ರಪ್ಪ ತಮ್ಮ ಒಂದೊಂದು ಸೂರ್ಯಾಸ್ತಕ್ಕೂ ಅರ್ಧ ಗಂಟೆ ವಾದ ಮಾಡುತ್ತಿದ್ದರು. ಕೊನೆಗೆ ಹೇಳಿದ್ದನ್ನು ಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದು ರುಜು ಹಾಕಬೇಕು.

ನನ್ನ ಒಳ್ಳೆಯ ಮಾತು ಯಾವಾಗಲೂ ಒಂದೇ: "ಬೆಳಕು ಚೆನ್ನಾಗಿದೆ." ಅದು ಸೂರ್ಯನಿಗೆ ಸಲ್ಲಬೇಕಾದದ್ದು ಎಂದು ರುದ್ರಪ್ಪ ಗೊಣಗುತ್ತಿದ್ದರು. ಕುಂದು ಹೇಳುವಾಗ ಮಾತ್ರ ನನಗೆ ಎಲ್ಲಿಲ್ಲದ ಉತ್ಸಾಹ. ಕಪ್ಪು ರಟ್ಟಿನಿಂದ ಬಡಗಿಯ ಮೂಲೆಮಟ್ಟದ ಆಕಾರದಲ್ಲಿ ಎರಡು ತುಂಡು ಕತ್ತರಿಸಿಟ್ಟುಕೊಂಡಿದ್ದೆ. ಎರಡನ್ನೂ ಎದುರುಬದುರಾಗಿ ಚಿತ್ರದ ಮೇಲಿಟ್ಟರೆ ಒಂದು ಚೌಕಟ್ಟು ಆಗುತ್ತದೆ. ಬೇಡವಾದದ್ದನ್ನು ಮುಚ್ಚಿ, ವಾಲಿದ್ದನ್ನು ತಿರುಗಿಸಿ, ಹೀಗಿದ್ದರೆ ಸರಿ ಎಂದು ತೋರಿಸಬಹುದು. ಜೊತೆಗೆ ಕಚೇರಿಯ ಕೋನಮಾಪಕವೂ ಜೇಬಿನಲ್ಲಿ ಇರುತ್ತಿತ್ತು. ರುಜುವಿನ ಕೆಳಗೆ, ಕಚೇರಿಯ ಅಭ್ಯಾಸಬಲದಿಂದ, ಹುದ್ದೆಯನ್ನೂ ಬರೆಯುತ್ತಿದ್ದೆ: ನಕ್ಷೆಗಾರ, ಅಳತೆ ಕಚೇರಿ, ಚಿತ್ರದುರ್ಗ.

ನನ್ನ ಚಿತ್ರಗಳೂ ಮೇಜಿಗೆ ಬರುತ್ತಿದ್ದವು ಅನ್ನಿ. ಕೋಟೆಯ ಮೆಟ್ಟಿಲು, ರಸ್ತೆಯ ಮೈಲಿಗಲ್ಲು, ಮುಚ್ಚಿದ ಬಾಗಿಲು. ಒಂದು ಗೆರೆಯೂ ವಾಲಿರುತ್ತಿರಲಿಲ್ಲ. ಸರೋಜಮ್ಮ ಬಹಳ ಹೊತ್ತು ನೋಡಿ ಒಮ್ಮೆ ಹೇಳಿದರು: "ಎಲ್ಲಾ ಸರಿ ಐತೆ ನಾಗಣ್ಣ. ಊರಾಗೆ ಜನ ಎಲ್ಲಿಗೆ ಹೋಗ್ಯಾರೆ?"

ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ಇಂಥ ಕೂಟಕ್ಕೆ ಒಂದು ಭಾನುವಾರ ತಿಪ್ಪೇಸ್ವಾಮಿ ಬಂದ. ಚಿತ್ರದುರ್ಗದಿಂದ ಹಿರಿಯೂರು ದಾಟಿ ಆದಿವಾಲದ ಮೇಲೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್, ಮನೆ ಆದಿವಾಲದಲ್ಲೇ. ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಬಸ್ಸಿನಲ್ಲಿ ಅವನ ಬಾಯಿ ಪ್ರಸಿದ್ಧವಾಗಿತ್ತು. "ಒಳಕ್ ಹೋಗ್ರಿ, ಬಸ್ಸಿನಾಗೆ ಹಿಂದ್ಗಡೇನೂ ಊರೈತೆ" ಎಂದು ಅವನು ಕೂಗಿದರೆ ಬಾಗಿಲಲ್ಲಿ ಜೋತುಬಿದ್ದವರೂ ನಗುತ್ತಿದ್ದರು. ಯಾರಿಂದಲೋ ಹಳೆಯ ಡಬ್ಬಿ ಕ್ಯಾಮೆರಾ ಕೊಂಡಿದ್ದ. ಬಸ್ಸು ನಿಲ್ದಾಣದಲ್ಲಿ ಎರಡು ಗಂಟೆ ನಿಲ್ಲುವ ಬಿಡುವಿನಲ್ಲಿ ಪ್ರಿಂಟು ತೆಗೆದುಕೊಳ್ಳಲು ಬಂದವನನ್ನು ಬಾಷಾ ಸಾಹೇಬರೇ ಹಿಡಿದು ಕೂರಿಸಿದರು. "ಅರೆ, ಕುಂತ್ಕಳ್ರಿ ತಿಪ್ಪಣ್ಣ. ದೊಡ್ಡ ದೊಡ್ಡ ಜನ ಅವ್ರೆ. ನಿಮ್ ಫೋಟೋಕ್ಕೆ ಬುದ್ಧಿ ಹೇಳ್ತಾರೆ."

ಅವನು ಮೇಜಿನ ಮೇಲೆ ಒಂದೇ ಒಂದು ಚಿತ್ರ ಇಟ್ಟ. ಕಟ್ಟಳೆ ಹೇಳಿದೆವು. ಕೊರಳಿನ ಸೀಟಿಯನ್ನು ಜೇಬಿಗೆ ಹಾಕಿಕೊಂಡು ಬಾಯಿ ಮುಚ್ಚಿ ಕೂತ.

ಆ ಚಿತ್ರ ಈಗಲೂ ನನ್ನ ಕಣ್ಣ ಮುಂದಿದೆ. ಬಲಗಡೆ ಕುರಿಹಟ್ಟಿಯ ಗೋಡೆ, ಕಲ್ಲು ಮಣ್ಣಿನದು, ತುದಿಯಿಂದ ಕಾಣುವಂತೆ ತೆಗೆದದ್ದು. ಅದರ ಬುಡದಲ್ಲಿ ಎತ್ತರದ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಒಬ್ಬ ಮುದುಕ, ಹೆಗಲ ಮೇಲೆ ಕಂಬಳಿ; ಒಂದು ಕೈ ಮೇಲೆತ್ತಿ ಕುರಿಯ ಉಣ್ಣೆ ನೂಲುತ್ತಿದ್ದಾನೆ. ನೂಲಿನ ತುದಿಯಲ್ಲಿ ತಕಲಿ ಗಾಳಿಯಲ್ಲಿ ಇಳಿಬಿದ್ದು ತಿರುಗುತ್ತಿದೆ. ಹಿಂದೆ ಕುರಿಗಳು, ಏರುತಗ್ಗಿನ ನೆಲ. ಗೋಡೆ ಎಡಕ್ಕೆ, ಮುದುಕನ ತಲೆಯ ಮೇಲೆ ವಾಲಿಕೊಂಡಿತ್ತು.

ರುದ್ರಪ್ಪ ಸೂರ್ಯ ಕಾಣುತ್ತಿಲ್ಲ ಎಂದರು. ಬಾಷಾ ಸಾಹೇಬರು ಮುಖಕ್ಕೆ ಇನ್ನೊಂದಿಷ್ಟು ಬೆಳಕು ಬೇಕಿತ್ತು ಎಂದರು. ಸರೋಜಮ್ಮ, "ಕೈ ನೋಡ್ರಿ, ಎಷ್ಟು ಚೆಂದ ಬಂದೈತೆ" ಎಂದು ಸುಮ್ಮನಾದರು. ನನ್ನ ಸರದಿ ಬಂತು. ಬೆಳಕು ಚೆನ್ನಾಗಿದೆ ಎಂದೆ. ರಟ್ಟಿನ ತುಂಡುಗಳನ್ನು ಇಟ್ಟೆ, ಗೋಡೆ ನೆಟ್ಟಗೆ ಕಾಣುವ ತನಕ ಮೆಲ್ಲಗೆ ತಿರುಗಿಸಿದೆ, ಕೋನಮಾಪಕ ಹಿಡಿದೆ. "ಐದು ಡಿಗ್ರಿ. ಚಿತ್ರ ಎಡಕ್ಕೆ ಐದು ಡಿಗ್ರಿ ವಾಲಿದೆ. ತಕಲಿಯೂ ಅಲುಗಿದೆ."

ಚೌಕಟ್ಟಿನೊಳಗೆ ಗೋಡೆ ಸಿಪಾಯಿಯ ಹಾಗೆ ನಿಂತಿತ್ತು. ಎಲ್ಲರೂ ಬಗ್ಗಿ ನೋಡಿ ಹೌದೌದು ಎಂದರು. ಮಾತು ಮುಗಿದ ಮೇಲೆ ಸರೋಜಮ್ಮ ತಿಪ್ಪೇಸ್ವಾಮಿಯ ಕಡೆ ತಿರುಗಿದರು. "ಈಗ ನೀವು ಹೇಳ್ರಿ."

"ಅಲ್ಲ ಸಾರ್, ಆ ಗೋಡೆ..." ಎಂದ ಅವನು.

"ಗೋಡೆಯ ತಪ್ಪಲ್ಲ, ಕ್ಯಾಮೆರಾ ಹಿಡಿದವರ ತಪ್ಪು" ಎಂದೆ ನಾನು. ಎಲ್ಲರೂ ನಕ್ಕರು. ಅವನೂ ನಕ್ಕ. ಕೆಳಗೆ ಬಸ್ಸಿನ ಹಾರನ್ ಕೇಳಿಸಿತು. ನಾನು ಹಿಂಬದಿಯಲ್ಲಿ ಬರೆದುಕೊಟ್ಟೆ: "ಬೆಳಕು ಚೆನ್ನಾಗಿದೆ. ಗೋಡೆ ನೆಟ್ಟಗಿದೆ. ಕ್ಯಾಮೆರಾ ಐದು ಡಿಗ್ರಿ ವಾಲಿದೆ. ಸರಿಪಡಿಸಿಕೊಳ್ಳುವುದು." ರುಜು, ಹುದ್ದೆ. ಅವನು ಚಿತ್ರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೆಟ್ಟಿಲು ಇಳಿದು ಹೋದ.

ಹತ್ತು ಹನ್ನೊಂದು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ನಮ್ಮ ಕಚೇರಿಯ ಕಾಂಪೌಂಡು ಕಟ್ಟುತ್ತಿದ್ದರು. ನಾನು ಚಹದ ಲೋಟ ಹಿಡಿದು ಕಿಟಕಿಯಲ್ಲಿ ನಿಂತಿದ್ದೆ. ಗಾರೆಯವನು ದಾರದ ತುದಿಗೆ ಕಟ್ಟಿದ ಕಬ್ಬಿಣದ ಗುಂಡನ್ನು ಗೋಡೆಯ ಪಕ್ಕ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ದಾರ ನಿಶ್ಚಲವಾಗಿತ್ತು. ಗುಂಡು ಮಾತ್ರ ತನ್ನಷ್ಟಕ್ಕೆ ಮೆಲ್ಲಗೆ ತಿರುಗುತ್ತಿತ್ತು.

ಎಲ್ಲೋ ನೋಡಿದ್ದೇನಲ್ಲ ಎನ್ನಿಸಿತು. ಎಲ್ಲಿ ಎಂಬುದು ಹೊಳೆದಾಗ ಕೈಯಲ್ಲಿದ್ದ ಚಹ ಪಕ್ಕದ ಮೇಜಿನ ಮೇಲಿದ್ದ ನಕ್ಷೆಯ ಮೇಲೆ ಚೆಲ್ಲಿತು.

ಬಾಷಾ ಸಾಹೇಬರ ಹತ್ತಿರ ನೆಗೆಟಿವ್ ಇತ್ತು. ಗಿರಣಿ ಓಡುತ್ತಿತ್ತು, ನೆಲದ ಜೊತೆ ಮೇಜೂ ನಡುಗುತ್ತಿತ್ತು. ಕೆಳಗೆ ಹೋಗಿ ಐದು ನಿಮಿಷ ನಿಲ್ಲಿಸಿ ಎಂದು ಗಿರಣಿಯವನನ್ನು ಬೇಡಿಕೊಂಡೆ. ಕತ್ತಲೆ ಕೋಣೆಯಲ್ಲಿ ಬಾಷಾ ಸಾಹೇಬರು ನೆಗೆಟಿವನ್ನು ದೊಡ್ಡದಾಗಿ ಕಾಗದದ ಮೇಲೆ ಬೀಳಿಸಿದರು. ಮುದುಕನ ಬೆರಳಿನಿಂದ ಇಳಿದ ನೂಲಿನ ಪಕ್ಕ ಅಳತೆಪಟ್ಟಿ ಇಟ್ಟೆ. ಚಿತ್ರದ ಅಂಚಿಗೂ ನೂಲಿಗೂ ನಡುವಿನ ಅಂತರ ಮೇಲೂ ಕೆಳಗೂ ಒಂದೇ ಇತ್ತು. ಎರಡು ಸಲ ಅಳೆದೆ. ಕ್ಯಾಮೆರಾ ನೆಟ್ಟಗಿತ್ತು. ವಾಲಿದ್ದು ಗೋಡೆ. ಅದರ ಕೆಳಗೆ ಒಬ್ಬ ಮನುಷ್ಯ ದಿನವೂ ಕೂತು ನೂಲುತ್ತಿದ್ದ. ನಾನು ಅವನ ತಕಲಿ ಅಲುಗಿದೆ ಎಂದು ಹೇಳಿದ್ದೆ.

"ಕ್ಯಾ ಹುವಾ? ಬೆವರ್ತಾ ಇದೀರಲ್ಲ" ಎಂದರು ಬಾಷಾ ಸಾಹೇಬರು.

ಅರ್ಧ ದಿನ ರಜೆ ಬರೆದುಕೊಟ್ಟು ನಿಲ್ದಾಣಕ್ಕೆ ಓಡಿದೆ. ಹೊರಡಲಿದ್ದ ಬಸ್ಸಿನ ಬಾಗಿಲಲ್ಲೇ ತಿಪ್ಪೇಸ್ವಾಮಿ ಸಿಕ್ಕಿದ. "ಏನ್ ಸಾರ್, ನೀವೂ ಮೈಲಿಗಲ್ಲು ಎಣ್ಸಾಕೆ ಹೊಂಟ್ರಾ?" ಎಂದು ನಕ್ಕ. ಕಂಬಿ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ. ಅವನು ಟಿಕೆಟ್ ಹರಿಯುವುದನ್ನು ನಿಲ್ಲಿಸಿದ.

"ಸಾರ್, ಗೋಡೆ ವಾಲೈತೆ ಅಂತ ನಾನು ನಮ್ಮಜ್ಜಂಗೆ ಬಡ್ಕಂತಾನೇ ಬಂದೆ. ಅಜ್ಜ ಒಪ್ಪಲಿಲ್ಲ. ಫೋಟೋ ತಗ್ದು ತೋರ್ಸಿದ್ರೆ ಒಪ್ತಾನೆ ಅಂತ ತಗ್ದೆ. ಮೊದ್ಲು ತಿಳಿದೋರಿಗೆ ತೋರ್ಸಾಣ ಅಂತ ನಿಮ್ಮತ್ರ ತಂದೆ."

"ಅವತ್ತೇ ಹೇಳಬೇಕಿತ್ತಲ್ಲ ತಿಪ್ಪೇಸ್ವಾಮಿ!"

"ಮಾತಾಡಬಾರ್ದು ಅಂದಿದ್ರಲ್ಲ ಸಾರ್. ಆಮೇಲೆ ನೀವು ಡಿಗ್ರಿ ಲೆಕ್ಕದಾಗೆ ಹೇಳಿದ್ರಿ. ನಂದೇ ಕಣ್ಣು ಸೊಟ್ಟ ಅಂತ ಸುಮ್ನಾದೆ." ಮೆಲ್ಲಗೆ ಸೇರಿಸಿದ: "ಹಿಂದ್ಗಡೆ ಬರ್ದಿದ್ದನ್ನ ಅಜ್ಜಂಗೆ ಓದಿ ಹೇಳ್ದೆ. ಆಫೀಸ್ನೋರೇ ಗೋಡೆ ನೆಟ್ಟಗೈತೆ ಅಂತ ಬರ್ದು ಕೊಟ್ಟಾರೆ ಅಂತ ಊರಿಗೆಲ್ಲ ತೋರಿಸ್ಕಂಡು ತಿರುಗ್ತಾ ಅವ್ನೆ."

ಹಿರಿಯೂರು ದಾಟುವ ತನಕ ಗಡಿಯಾರ ನೋಡುತ್ತಲೇ ಇದ್ದೆ. ಪ್ರತಿ ನಿಲುಗಡೆಯಲ್ಲೂ ಇಳಿಯುವವರು ಬೇಕೆಂದೇ ನಿಧಾನ ಮಾಡುತ್ತಿದ್ದಾರೆ ಎನ್ನಿಸುತ್ತಿತ್ತು.

ಆದಿವಾಲದಲ್ಲಿ ತಿಪ್ಪೇಸ್ವಾಮಿ ಸೀಟಿ ಊದಿ, ಹತ್ತು ನಿಮಿಷ ನಿಲ್ಲಿಸು ಎಂದು ಡ್ರೈವರಿಗೆ ಹೇಳಿದ. ನಮ್ಮ ಮಾತನ್ನು ಕೇಳಿಸಿಕೊಂಡಿದ್ದ ಅರ್ಧ ಬಸ್ಸು ನಮ್ಮ ಜೊತೆಗೇ ಇಳಿಯಿತು. ಅಜ್ಜ ಅಲ್ಲೇ ಇದ್ದ. ಅದೇ ಕಟ್ಟೆ, ಅದೇ ಕಂಬಳಿ, ಕೈಯಲ್ಲಿ ತಕಲಿ, ತಲೆಯ ಮೇಲೆ ಗೋಡೆ. ಚಿತ್ರದಲ್ಲಿ ಐದು ಡಿಗ್ರಿ ಎಂದರೆ ಬೆರಳಗಲದ ಮಾತು. ಒಂಬತ್ತು ಅಡಿಯ ಗೋಡೆಯ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದರೆ ಹಾಗಿರುವುದಿಲ್ಲ.

"ಅಜ್ಜ, ಸ್ವಲ್ಪ ಈಚೆ ಬರ್ರಿ" ಎಂದೆ.

"ಯಾಕಪ್ಪ?"

"ಗೋಡೆ ವಾಲಿದೆ."

ಅಜ್ಜ ಕಂಬಳಿಯ ಮಡಿಕೆಯಿಂದ ಚಿತ್ರವನ್ನು ತೆಗೆದ. ಹಿಂಬದಿಯನ್ನು ನನಗೆ ಕಾಣುವಂತೆ ಹಿಡಿದ. "ಇದನ್ನ ಬರ್ದೋನು ಯಾರು?"

"ನಾನೇ ಅಜ್ಜ."

"ನೆಟ್ಟಗೈತೆ ಅಂತ ಬರ್ದೀಯಂತೆ."

"ಬರೆದಾಗ ಸರಿಯಾಗಿ ನೋಡಿರಲಿಲ್ಲ."

"ನೋಡ್ದಲೇ ಬರ್ದ್ಯಾ?" ಅಜ್ಜ ಬಸ್ಸಿನ ಜನದ ಕಡೆ ತಿರುಗಿದ. "ಕೇಳ್ರಪ್ಪ. ಆಫೀಸ್ನೋರು ನೋಡ್ದಲೇ ಬರೀತಾರಂತೆ."

ಜನ ನಕ್ಕರು. ನನ್ನ ಜೀವಮಾನದಲ್ಲಿ ನನ್ನ ಬಗ್ಗೆ ಇಷ್ಟು ಸರಿಯಾದ ಅಭಿಪ್ರಾಯವನ್ನು ಯಾರೂ ಹೇಳಿರಲಿಲ್ಲ. ಆದರೆ ಅಜ್ಜ ಕಟ್ಟೆ ಬಿಟ್ಟು ಏಳಲಿಲ್ಲ. ಬಸ್ಸಿನವರು ತಲೆಗೊಂದು ಮಾತು ಶುರುಮಾಡಿದರು. ಒಬ್ಬ ವಾಲಿದೆ ಎಂದ, ಇನ್ನೊಬ್ಬ ನೆಲವೇ ಇಳಿಜಾರು ಎಂದ, ತಾಳ್ಯದ ಕಡೆಯವಳೆಂದು ಹೇಳಿಕೊಂಡ ಒಬ್ಬ ಹೆಂಗಸು ತಮ್ಮ ಊರಲ್ಲಿ ಇದಕ್ಕಿಂತ ಸೊಟ್ಟ ಗೋಡೆಗಳಿವೆ ಎಂದಳು. ಹಾರನ್ ಹೊಡೆದೂ ಹೊಡೆದೂ ಸಾಕಾಗಿ ಡ್ರೈವರೂ ಇಳಿದು ಬಂದ.

ನನಗೆ ಆಗ ಹೊಳೆದದ್ದು ಇಷ್ಟೇ. "ಅಜ್ಜ, ನನ್ನ ಮಾತು ಬೇಡ. ನಿಮ್ಮ ತಕಲಿಯನ್ನೇ ಕೇಳೋಣ."

ಅಜ್ಜ ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ತಾನೇ ಇಳಿದು ಬಂದು ನೂಲನ್ನು ಮಾರುಗಟ್ಟಲೆ ಬಿಚ್ಚಿದ. ಸೊಪ್ಪು ಎಳೆಯುವ ದೋಟಿಯ ತುದಿಗೆ ಅದನ್ನು ಸುತ್ತಿ, ಗೋಡೆಯ ಕೊನೆಯಲ್ಲಿ ದೂರ ನಿಂತು, ದೋಟಿಯ ತುದಿಯನ್ನು ಗೋಡೆಯ ನೆತ್ತಿಯ ಅಂಚಿಗೆ ತಾಗಿಸಿ ಹಿಡಿಯಲು ಮೊಮ್ಮಗ ತಿಪ್ಪೇಸ್ವಾಮಿಗೆ ಹೇಳಿದ. ತಕಲಿ ಕೆಳಗಿಳಿಯಿತು; ಅತ್ತ ಇತ್ತ ಆಡಿತು; ನಿಂತಿತು. ಅಜ್ಜ ಕೂತು, ಗೋಡೆಯ ಬುಡದಿಂದ ನೂಲಿನ ತನಕ ಬೆರಳುಗಳನ್ನು ಅಗಲಿಸಿ ಅಳೆದ. ತುಂಬು ಗೇಣು.

ಅವನು ಎದ್ದ. ನೂಲು ಸುತ್ತಿಕೊಂಡ. ಕಟ್ಟೆಯ ಮೇಲಿದ್ದ ಉಣ್ಣೆಯ ಬುಟ್ಟಿಯನ್ನು ಎತ್ತಿಕೊಂಡು ಬೇವಿನ ಮರದ ನೆರಳಿಗೆ ನಡೆದ. ನೀರಿನ ಹಿತ್ತಾಳೆ ಚೊಂಬು ಮಾತ್ರ ಅಲ್ಲೇ ಉಳಿಯಿತು.

ತಿಪ್ಪೇಸ್ವಾಮಿ ಸೀಟಿಯನ್ನು ಕ್ಲೀನರನ ಕೈಗೆ ಕೊಟ್ಟು ಬಸ್ಸು ಕಳಿಸಿದ. ಅವನ ಅಣ್ಣ ಮತ್ತು ಪಕ್ಕದ ಮನೆಯವರು ಹಾರೆ ತಂದರು. ಮೇಲಿನ ಸಾಲಿನಿಂದ ಒಂದೊಂದೇ ಕಲ್ಲು ಇಳಿಸಬೇಕೆಂದು ಮಾತಾಯಿತು. ಅಣ್ಣ ಹಿಂಬದಿಯಿಂದ ಏಣಿ ಇಟ್ಟು ಮೊದಲ ಕಲ್ಲಿಗೆ ಹಾರೆ ತಾಗಿಸಿದ. ಅಷ್ಟೇ. ಗೋಡೆ ಬಿದ್ದಂತೆ ಕಾಣಲಿಲ್ಲ, ದಣಿದವನು ಕುಕ್ಕರಿಸಿದಂತೆ ಕಂಡಿತು. ಶಬ್ದ ಆಮೇಲೆ ಬಂತು. ದೂಳು ಇಳಿದಾಗ ಕಟ್ಟೆಯ ಚಪ್ಪಡಿ ಎರಡು ತುಂಡಾಗಿತ್ತು. ಚೊಂಬು ರೊಟ್ಟಿಯಷ್ಟು ಚಪ್ಪಟೆಯಾಗಿತ್ತು. ಅಣ್ಣ ಗೋಡೆಯ ಆಚೆಬದಿಯಲ್ಲಿ ಏಣಿಯ ಮೇಲೆಯೇ ನಿಂತು ಖಾಲಿ ಗಾಳಿಯಲ್ಲಿ ಹಾರೆ ಹಿಡಿದಿದ್ದ. ಏಣಿ ಆತುಕೊಂಡಿದ್ದ ಜಾಲಿಯ ಕೊಂಬೆ ಅವನನ್ನು ಉಳಿಸಿತ್ತು.

ನನ್ನ ಕೊರಳಲ್ಲಿ ಕ್ಯಾಮೆರಾ ಇತ್ತು. "ತಗೀಲಿಲ್ವೇನ್ರೀ? ಅಂಥ ಚಿತ್ರ ಜನ್ಮದಾಗೆ ಸಿಗ್ತಿತ್ತಾ?" ಎಂದು ರುದ್ರಪ್ಪ ಆಮೇಲೆ ಎಷ್ಟೋ ಭಾನುವಾರ ಬೈದರು. ತೆಗೆಯಲಿಲ್ಲ. ತೆಗೆದಿದ್ದರೂ ಅಲುಗಿರುತ್ತಿತ್ತು.

ಬೇವಿನ ಮರದ ಕೆಳಗೆ ಅಜ್ಜ ನನ್ನನ್ನು ಹತ್ತಿರ ಕರೆದ. ಚಿತ್ರವನ್ನು ಕೈಗೆ ಕೊಟ್ಟ. ನಾನು ಜೇಬಿನಿಂದ ರಬ್ಬರ್ ತೆಗೆದೆ.

"ಅಳಿಸ್ಬ್ಯಾಡ" ಎಂದ ಅಜ್ಜ. "ಅದ್ರ ಕೆಳಗೆ ಬರಿ."

ತೊಡೆಯ ಮೇಲೆ ಚಿತ್ರ ಇಟ್ಟುಕೊಂಡು ಬಹಳ ಹೊತ್ತು ನೋಡಿದೆ. ಅಷ್ಟು ಹೊತ್ತು ನಾನು ಬೇರೆಯವರ ಒಂದು ಚಿತ್ರವನ್ನು ನೋಡಿದ್ದು ಅದೇ ಮೊದಲು. ಮೇಲೆತ್ತಿದ ಕೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಒಂದು ಕುರಿಮರಿ ತಕಲಿಯನ್ನೇ ನೋಡುತ್ತಿತ್ತು. ತೆಗೆದವನ ಟೋಪಿಯ ನೆರಳು ಕೆಳಗಿನ ಮೂಲೆಯಲ್ಲಿ ಬಿದ್ದಿತ್ತು. ಇದೊಂದೂ ಅಂದು ನನಗೆ ಕಂಡಿರಲಿಲ್ಲ. ಪೆನ್ಸಿಲಿನಲ್ಲಿ ಬರೆದು ಅಜ್ಜನಿಗೆ ಓದಿ ಹೇಳಿದೆ: "ಕ್ಯಾಮೆರಾ ನೆಟ್ಟಗಿದೆ. ನೂಲು ನೆಟ್ಟಗಿದೆ. ಗೋಡೆ ವಾಲಿತ್ತು. ತೆಗೆದವರಿಗೆ ಕಂಡದ್ದು ನನಗೆ ಕಾಣಲಿಲ್ಲ." ರುಜು ಹಾಕಿ ಕೊಟ್ಟೆ.

ಅಜ್ಜ ಅಕ್ಷರ ಬಾರದ ಕಣ್ಣಿನಿಂದ ಎರಡು ಬರಹಗಳನ್ನೂ ಹೋಲಿಸಿ ನೋಡಿದ. ಮೇಲಿನದರಲ್ಲಿ ಒಂದು ಸಾಲು ಹೆಚ್ಚಿಗೆ ಇದ್ದುದು ಅವನಿಗೆ ತಿಳಿಯಿತು.

"ಅದ್ರಾಗೆ ಇನ್ನೊಂದು ಗೆರೆ ಐತಲ್ಲ?"

"ಅದು ಕಚೇರಿಯ ಹೆಸರು ಅಜ್ಜ."

"ಇದ್ರಾಗೂ ಬರಿ."

ಬರೆದೆ: ನಕ್ಷೆಗಾರ, ಅಳತೆ ಕಚೇರಿ, ಚಿತ್ರದುರ್ಗ.

ಮುಂದಿನ ಭಾನುವಾರ ಸರೋಜಮ್ಮ ಕಟ್ಟಳೆ ಬದಲಿಸಿದರು. ಚಿತ್ರ ತೆಗೆದವರೇ ಮೊದಲು ಮಾತಾಡಬೇಕು. ಅದರಿಂದ ರುದ್ರಪ್ಪನವರ ಸೂರ್ಯಾಸ್ತಗಳು ನಮ್ಮ ಅರ್ಧ ಮಧ್ಯಾಹ್ನಗಳನ್ನು ನುಂಗಿದವು ಎಂಬುದೂ ನಿಜ. ತಿಪ್ಪೇಸ್ವಾಮಿಯಂತೂ ಕೂಟದಲ್ಲೂ ಬಸ್ಸಿನಲ್ಲಿದ್ದ ಹಾಗೆಯೇ ಮಾತಾಡತೊಡಗಿದ. ನನ್ನ ರಟ್ಟಿನ ತುಂಡುಗಳನ್ನು ಬಾಷಾ ಸಾಹೇಬರು ಅಲುಗುವ ಮೇಜಿನ ಕಾಲಿನ ಕೆಳಗೆ ಇಟ್ಟುಕೊಂಡರು.

ಆ ಚಿತ್ರದ ಒಂದು ಪ್ರತಿಯನ್ನು ತಿಪ್ಪೇಸ್ವಾಮಿ ನನಗೂ ಕೊಟ್ಟ. ಕಟ್ಟು ಹಾಕಿಸಿ ನಮ್ಮ ನಡುಮನೆಯಲ್ಲಿ ತೂಗುಹಾಕಿದ್ದೇವೆ. ಬಂದವರೆಲ್ಲ ಅದನ್ನು ನೋಡುತ್ತಾರೆ. ಅವರಲ್ಲಿ ನನ್ನಂಥವನೊಬ್ಬ ಇದ್ದೇ ಇರುತ್ತಾನೆ. ತಲೆ ಓರೆ ಮಾಡಿ, ಎದ್ದು ಹೋಗಿ, ಗೋಡೆ ನೆಟ್ಟಗಾಗುವಂತೆ ಚೌಕಟ್ಟಿನ ಮೂಲೆಯನ್ನು ಬೆರಳಿನಿಂದ ತಟ್ಟುತ್ತಾನೆ. ನಾನು ಏಳುವ ಮೊದಲೇ ಅಡುಗೆಮನೆಯ ಬಾಗಿಲಿಂದ ಕಮಲಳ ಧ್ವನಿ ಬರುತ್ತದೆ:

"ಕೈ ತಗೀರಿ, ಮೊದ್ಲು ನೂಲು ನೋಡ್ರಿ."